ಎರಡು ಶುದ್ಧಿಯ ಮನುಷ್ಯ

ಚಿಕ್ಕೋಡಿಯಲ್ಲಿ ನಮ್ಮ ಓಣಿಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹನುಮಪ್ಪನ ಗುಡಿ ಇದೆ. ಅದರ ಮುಂದೆ ಹಾಯುವವರೆಲ್ಲ, ಸೈಕಲ್ಲಿನವರಿರಲಿ ಟ್ರ್ಯಾಕ್ಟರಿನವರಿರಲಿ, ಬಲಗೈ ಬಿಟ್ಟು ಎದೆ ಹಣೆ ಮುಟ್ಟಿಕೊಂಡೇ ಮುಂದೆ ಹೋಗುತ್ತಾರೆ. ನಮ್ಮ ಎದುರು ಮನೆಯ ಸರ್ ಒಬ್ಬರು ಮಾತ್ರ ಕೈ ಬಿಡುತ್ತಿರಲಿಲ್ಲ. ಗುಡಿ ಬಂದ ಕೂಡಲೇ ಸ್ಕೂಟರಿನ ವೇಗ ಇಳಿಸಿ, ಎರಡೂ ಕೈಯಿಂದ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಎದುರಿನಿಂದ ಒಂದೇ ಕೈಯಲ್ಲಿ ಬರುವ ಭಕ್ತರಿಗೆ ದಾರಿ ಬಿಟ್ಟು ಸಾಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತ ನಾನು ಕೈ ಮುಗಿಯುತ್ತಿದ್ದೆ.

"ಮುಗೀರಿ ಮಾಸ್ತರ್ರ. ಒಂದ ಗಾಡಿಗೆ ಒಬ್ರು ಸಾಕು," ಎನ್ನುತ್ತಿದ್ದರು.

ಒಂದು ದಿನ ಸರಿಯಾಗಿ ಆ ಗುಡಿಯ ಮುಂದೆಯೇ ಎಮ್ಮೆಯೊಂದು ಅಡ್ಡ ಬಂದು ಇಬ್ಬರೂ ಬಿದ್ದೆವು. ನನ್ನ ಕಾಲು ಉಳುಕಿತು. ಅವರ ಅಂಗಿಗೆ ಧೂಳು ಹತ್ತಿತ್ತು, ಅಷ್ಟೇ. ಅವರು ಸ್ಕೂಟರ್ ಎತ್ತಿ ನಿಲ್ಲಿಸಿದರು, ನನ್ನನ್ನು ಎತ್ತಿ ಗುಡಿಯ ಕಟ್ಟೆಗೆ ಕೂಡಿಸಿದರು, ಒಮ್ಮೆ ಗುಡಿಯ ಕಡೆ ನೋಡಿದರು, ಒಮ್ಮೆ ನನ್ನ ಕಾಲಿನ ಕಡೆ ನೋಡಿದರು.

"ಕೈ ಮುಗದವರಿಗೆ ಪೆಟ್ಟಾತು. ಮುಗಿಯದವಂಗ ಏನೂ ಆಗಲಿಲ್ಲ," ಎಂದು ಸ್ವಲ್ಪ ಹೊತ್ತು ವಿಚಾರ ಮಾಡಿ, "ಇದರಿಂದ ಏನೂ ಸಿದ್ಧ ಆಗೂದಿಲ್ಲ," ಎಂದರು.

ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಮನೆಗಳು ಎದುರುಬದುರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ವಂತಿಗೆ ಕೊಟ್ಟವರ ಫಲಕದ ಮೇಲೂ ಹೆಸರು ಬರೆಸಲು ಒಪ್ಪಿದವರಲ್ಲ. ನಾನು ಯಾವಾಗಲೂ 'ಸರ್' ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಅದೇ ಸಾಕು. ರೇಖಾಗಣಿತದ ಪ್ರಮೇಯ ಮುಗಿದಾಗ ಬೋರ್ಡಿನ ಮೇಲೆ 'ಸಿದ್ಧವಾಯಿತು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಬೋರ್ಡಿನ ಹೊರಗೆ, ಈ ಲೋಕದಲ್ಲಿ, ಆ ಎರಡು ಗೆರೆ ಎಳೆಯುವ ಸಂದರ್ಭ ಅವರಿಗೆ ಬಂದದ್ದನ್ನು ನಾನು ನೋಡಲಿಲ್ಲ.

ಸರ್ ಜೈನರು. ಜೈನರಲ್ಲಿ ಲೋಕವನ್ನು ಹುಟ್ಟಿಸಿದ ದೇವರು ಅಂತ ಒಬ್ಬನಿಲ್ಲ. ಹಾಗಾಗಿ ನಾಸ್ತಿಕರಾಗಬೇಕಾದರೆ ಅವರು ನಮಗಿಂತ ಹೆಚ್ಚು ಕಷ್ಟಪಡಬೇಕಾಗುತ್ತದೆ. ಸರ್ ಆ ಕಷ್ಟವನ್ನೂ ಪಟ್ಟಿದ್ದರು. ತೀರ್ಥಂಕರರು ಇದ್ದಿರಬಹುದು, ಒಳ್ಳೆಯವರೇ ಇದ್ದಿರಬಹುದು. ಆದರೆ ಸತ್ತ ಮೇಲೆ ಮತ್ತೊಂದು ಜನ್ಮ ಇದೆ, ಮಾಡಿದ ಕರ್ಮ ಬೆನ್ನು ಹತ್ತಿ ಬರುತ್ತದೆ, ಕೊನೆಗೊಂದು ದಿನ ಬಿಡುಗಡೆ ಸಿಗುತ್ತದೆ ಎನ್ನುವ ನಂಬಿಕೆ ತಮಗೆ ಬರುವುದಿಲ್ಲ ಎನ್ನುತ್ತಿದ್ದರು. 'ಸುಳ್ಳು' ಎಂದು ಯಾವತ್ತೂ ಹೇಳಲಿಲ್ಲ. 'ಬರುವುದಿಲ್ಲ' ಎನ್ನುತ್ತಿದ್ದರು, ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ.

ನಡವಳಿಕೆ ನೋಡಿದರೆ ಮಾತ್ರ ಜೈನ ಬಸ್ತಿಯ ಪಂಡಿತರೂ ನಾಚಬೇಕು. ಹೊತ್ತು ಮುಳುಗಿದ ಮೇಲೆ ಹನಿ ನೀರು ಮುಟ್ಟುತ್ತಿರಲಿಲ್ಲ. ನಳಕ್ಕೆ ಬಿಳಿ ಬಟ್ಟೆ ಕಟ್ಟಿ ಸೋಸಿದ ನೀರನ್ನೇ ಕುಡಿಯುತ್ತಿದ್ದರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟಿ ಅವರ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ನಂಬಿಕೆಯೇ ಇಲ್ಲದ ಮೇಲೆ ಇದೆಲ್ಲ ಯಾಕೆ ಸರ್ ಎಂದು ಒಮ್ಮೆ ಕೇಳಿದೆ.

"ಅವ್ವಗ ಮಾತ ಕೊಟ್ಟೀನ್ರಿ. ಅವ್ವ ಇದ್ದಳು ಅನ್ನೂದಕ್ಕ ಪುರಾವೆ ಐತಿ."

ನಂಬುವುದು ಮನುಷ್ಯನ ಕೈಯಲ್ಲಿದೆಯೇ ಎಂಬ ಪ್ರಶ್ನೆಯನ್ನು ಅವರು ತರಗತಿಗೂ ಒಯ್ದಿದ್ದರು. ಒಂದು ಬುಧವಾರ, ಹತ್ತನೆಯ ಇಯತ್ತೆಯಲ್ಲಿ, "ಇವತ್ತ ಐತವಾರ ಅಂತ ನಂಬ್ರಿ," ಎಂದು ಅಪ್ಪಣೆ ಮಾಡಿದರಂತೆ. "ನಂಬೀವ್ರಿ ಸರ್," ಎಂದು ಇಡೀ ತರಗತಿ ಕೂಗಿತು. "ಐತವಾರ ಸಾಲಿಗೆ ಯಾಕ ಬಂದೀರಿ? ನಡೀರಿ ಮನಿಗೆ." ಯಾರೂ ಏಳಲಿಲ್ಲ. "ನೋಡ್ರಿ, ಬಾಯಿ ಹೇಳಿದ್ದನ್ನ ಕೇಳತೈತಿ, ನಂಬಿಕಿ ಕೇಳೂದಿಲ್ಲ," ಎಂದು ಸರ್ ಪಾಠ ಮುಂದುವರಿಸುವಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು, "ಹೋಗಿ ಬರ್ತೀನ್ರಿ ಸರ್," ಎಂದು ಹೊರಟೇಹೋದಳು. ಮರುದಿನ ಹೆಡ್‌ಮಾಸ್ತರರು ಅವಳ ತಂದೆಯನ್ನು ಕರೆಸುವ ಮಾತಾಡಿದಾಗ ಸರ್ ಅಡ್ಡ ಬಂದರು. "ಬ್ಯಾಡ್ರಿ. ಇಡೀ ಸಾಲ್ಯಾಗ ನಂಬಾಕ ಬರೂದು ಆಕಿ ಒಬ್ಬಾಕಿಗೆ."

ಸರ್ ಅವರ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ವೈನಿಗೆ ನಂಬಿಕೆ ಬೇಕಾದಷ್ಟಿತ್ತು. ಬೆಳಿಗ್ಗೆ ಬಸ್ತಿ, ಸಂಜೆ ಜಪ. ಗಂಡ ನಂಬುವುದಿಲ್ಲ ಎಂಬುದನ್ನು ಅವರು ಗಂಡನಿಗೆ ಸಕ್ಕರೆ ಕಾಯಿಲೆ ಇದೆ ಎಂಬಷ್ಟೇ ಸಮಾಧಾನದಿಂದ ಒಪ್ಪಿಕೊಂಡಿದ್ದರು. ಒಪ್ಪದಿದ್ದವರು ವೈನಿಯ ತಮ್ಮ. ಅವರು ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿ. ಊರಿಗೆಲ್ಲ ಸಾಹುಕಾರರು, ಸರ್ ಬಾಯಲ್ಲಿ 'ಸಾವಕಾರ್ರು'. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಎನ್ನುತ್ತಾರೆ. ದಾಜಿಯನ್ನು ದಾರಿಗೆ ತರುವುದು ತಮ್ಮ ಜವಾಬ್ದಾರಿ ಎಂದು ಅವರು ಮದುವೆಯ ಚಪ್ಪರದಲ್ಲಿಯೇ ನಿರ್ಧರಿಸಿದ್ದರು.

ಒಮ್ಮೆ ಅವರ ಅಂಗಡಿಗೆ ಹೋಗಿದ್ದೆ. ಗೋಡೆಯ ತುಂಬ ದೇವರು. ನಡುವೆ ತೀರ್ಥಂಕರರು, ಪಕ್ಕಕ್ಕೆ ಪದ್ಮಾವತಿ, ಗಣಪತಿ, ಲಕ್ಷ್ಮಿ, ಮೂಲೆಯಲ್ಲಿ ಮ್ಹಸೋಬಾ, ಅದರ ಮೇಲೆ ಯಾವುದೋ ದರ್ಗಾದಿಂದ ತಂದ ಹಸಿರು ಬಟ್ಟೆಯ ತುಂಡು. ತಂಬಾಕಿನ ಧೂಳಿಗೆ ಎಲ್ಲ ದೇವರೂ ಒಂದೇ ಬಣ್ಣಕ್ಕೆ ಬಂದಿದ್ದರು.

"ದಾಜಿ, ಇದು ಸರಳ ವ್ಯಾಪಾರ ಐತ್ರಿ," ಎಂದು ಸಾಹುಕಾರರು ಪ್ರತಿ ಭೇಟಿಯಲ್ಲೂ ಶುರು ಮಾಡುತ್ತಿದ್ದರು. "ನಂಬಿದ್ವಿ, ಮ್ಯಾಲ ಒಬ್ಬಾಂವ ಅದಾನ ಅಂದ್ರ ಲಾಭ. ನಂಬಿದ್ವಿ, ಯಾರೂ ಇಲ್ಲ ಅಂದ್ರ ಏನ ಹೋತು? ಎರಡು ಊದಿನಕಡ್ಡಿ. ನಂಬದ ಸತ್ತು ಹೋಗಿ ನೋಡಿದ್ರ ಅಲ್ಲಿ ಕುಂತಾನ ಅಂತ ತಿಳಕೋರಿ, ಆವಾಗ ಏನ ಮಾಡ್ತೀರಿ?"

"ಹಿಂಗ ಲೆಕ್ಕಾ ಹಾಕಿ ನಂಬಿದವರು ಅವಂಗ ಸೇರದಿದ್ರ?"

"ಅದಕ್ಕ ಅಲ್ಲೇನ್ರಿ ನಾ ಎಲ್ಲಾರ್ನೂ ಇಟ್ಟೀನಿ! ಒಬ್ಬಾಂವ ಸಿಟ್ಟಾದ್ರ ಇನ್ನೊಬ್ಬಾಂವ ಅದಾನ."

ಈ ಬಾಗಿಲು ಮುಚ್ಚಿದರೆ ಕರ್ಮದ ಬಾಗಿಲು ತೆರೆಯುತ್ತಿತ್ತು. ಎಲ್ಲ ಪೂರ್ವಕರ್ಮ, ನಮ್ಮ ಕೈಯಲ್ಲಿ ಏನೂ ಇಲ್ಲ ಎನ್ನುತ್ತಿದ್ದರು ಸಾಹುಕಾರರು. "ನಮ್ಮ ಕೈಯಾಗ ಏನೂ ಇಲ್ಲಂದ್ರ ನನ್ನ ತಿದ್ದಾಕ ನಿಪ್ಪಾಣಿಯಿಂದ ಯಾಕ ಬರ್ತೀರಿ?" "ತಿದ್ದೂದು ನನ್ನ ಕರ್ಮ ಐತ್ರಿ ದಾಜಿ." "ತಿದ್ದಿಸಿಕೊಳ್ಳದ ಇರೂದು ನನ್ನ ಕರ್ಮ." ಎತ್ತು ಏರಿಗೆ, ಕೋಣ ನೀರಿಗೆ. ವೈನಿ ಇಬ್ಬರಿಗೂ ಹೊತ್ತು ಮುಳುಗುವುದರೊಳಗೆ ಊಟ ಬಡಿಸುತ್ತಿದ್ದರು. ಸಾಹುಕಾರರು ಉಂಡು ಸಂಜೆಯ ಬಸ್ಸು ಹತ್ತುತ್ತಿದ್ದರು. ಕೊಲ್ಲಾಪುರಕ್ಕೆ ಮಾಲು ಒಯ್ದಾಗ ರಾತ್ರಿ ಉಳ್ಳಾಗಡ್ಡಿ ಹಾಕಿದ ಮಿಸಳ ತಿನ್ನುತ್ತಾರೆ ಎಂಬ ಸುದ್ದಿ ಇತ್ತು. ಸರ್ ಅದನ್ನು ವಾದದಲ್ಲಿ ಒಮ್ಮೆಯೂ ಬಳಸಲಿಲ್ಲ.

ಈಗ ಒಂದು ಪದ್ಧತಿಯನ್ನು ಹೇಳಬೇಕು. ಮಳೆಗಾಲದ ನಾಲ್ಕು ತಿಂಗಳು ಜೈನ ಮುನಿಗಳು ಊರೂರು ತಿರುಗದೆ ಒಂದೇ ಊರಿನಲ್ಲಿ ನಿಲ್ಲುತ್ತಾರೆ. ದಿನಕ್ಕೆ ಒಮ್ಮೆ ಬೆಳಿಗ್ಗೆ ಊಟಕ್ಕೆ ಹೊರಡುತ್ತಾರೆ, ಮೌನವಾಗಿ. ಹೊರಡುವ ಮೊದಲು ಮನಸ್ಸಿನಲ್ಲಿಯೇ ಒಂದು ಸಂಕಲ್ಪ ಮಾಡಿರುತ್ತಾರೆ: ಇವತ್ತು ಗಂಡ ಹೆಂಡತಿ ಜೋಡಿಯಾಗಿ ನಿಂತ ಮನೆಯಲ್ಲೇ ಉಣ್ಣುತ್ತೇನೆ ಅಂತಲೋ, ಕೈಯಲ್ಲಿ ನಿಂಬೆಹಣ್ಣು ಹಿಡಿದವರ ಮನೆಯಲ್ಲೇ ಅಂತಲೋ. ಅದನ್ನು ಯಾರಿಗೂ ಹೇಳುವುದಿಲ್ಲ. ಓಣಿಯ ಜೈನರು ಮಡಿಯುಟ್ಟು, ಕಲಶವನ್ನೋ ಹಣ್ಣನ್ನೋ ಹಿಡಿದು, ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಸಂಕಲ್ಪ ಕೂಡಿದ ಬಾಗಿಲಲ್ಲಿ ಮುನಿಗಳು ನಿಲ್ಲುತ್ತಾರೆ. ಆಗ ಮನೆಯವರು ಅವರಿಗೆ ಮೂರು ಸುತ್ತು ಬಂದು, "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಐತಿ, ಒಳಗ ಬರ್ರಿ," ಎಂದು ಹೇಳಬೇಕು. ಮನಸ್ಸು, ಮಾತು, ಮೈ ಮೂರೂ ಶುದ್ಧ ಇವೆ ಎಂದು ಬಾಯಿಬಿಟ್ಟು ಹೇಳಿದರೆ ಮಾತ್ರ ಒಳಗೆ ಬರುತ್ತಾರೆ. ಯಾವ ಬಾಗಿಲೂ ಕೂಡದಿದ್ದರೆ ತಿರುಗಿ ಬಸ್ತಿಗೆ ಹೋಗಿ ಮರುದಿನದವರೆಗೆ ಉಪವಾಸ ಇರುತ್ತಾರೆ.

ಸಾಹುಕಾರರು ಇದಕ್ಕೂ ತಮ್ಮ ವ್ಯಾಪಾರ ಹಚ್ಚಿದ್ದರು. ನಿಪ್ಪಾಣಿಯಲ್ಲಿ ತಮ್ಮ ಬಾಗಿಲಲ್ಲಿ ನಿಲ್ಲುವಾಗ ಕೈಯಲ್ಲಿ ಕಲಶ, ಕಲಶದ ಮೇಲೆ ತೆಂಗಿನಕಾಯಿ, ಬೆರಳ ಸಂದಿಯಲ್ಲಿ ನಿಂಬೆಹಣ್ಣು, ಬಗಲಲ್ಲಿ ಬಾಳೆಹಣ್ಣು, ಗೋಡೆಗೆ ಆನಿಸಿ ಒಂದು ಕಬ್ಬು. ಸಂಕಲ್ಪ ಯಾವುದಿದ್ದರೂ ಕೈತಪ್ಪಿ ಹೋಗಬಾರದು. ಆದರೂ ಮುನಿ ಮಹಾರಾಜರು ಅವರ ಬಾಗಿಲಿಗೆ ನಿಂತದ್ದು ಅಪರೂಪ. "ಅಂಗಡಿ ಅಂತ ತಿಳಕೊಂಡು ಮುಂದ ಹೊಕ್ಕಾರೇನೋ," ಎಂದು ಸರ್ ಅನುಮಾನಪಟ್ಟಿದ್ದರು.

ವೈನಿ ಸಣ್ಣವರಿದ್ದಾಗ, ರಾಯಬಾಗದ ಕಡೆಯ ಅವರ ತವರಿನಲ್ಲಿ, ಒಮ್ಮೆ ಮುನಿಗಳು ಅವರ ತಾಯಿಯ ಕೈಯಿಂದ ಆಹಾರ ತೆಗೆದುಕೊಂಡಿದ್ದರು. ವೈನಿ ನೀರಿನ ತಂಬಿಗೆ ಹಿಡಿದು ನಿಂತಿದ್ದರಂತೆ. ತನ್ನ ಬಾಗಿಲಲ್ಲೂ ಒಮ್ಮೆ ಹಾಗಾಗಬೇಕು ಎಂಬ ಆಸೆ ಅವರಿಗೆ ಆಗಿನಿಂದ ಇತ್ತು. ಸರ್ ನಿಲ್ಲಲು ಒಪ್ಪಿರಲಿಲ್ಲ. ಒಬ್ಬರೇ ನಿಲ್ಲಲು ವೈನಿ ಒಪ್ಪಿರಲಿಲ್ಲ. ಪ್ರತಿ ಚಾತುರ್ಮಾಸದಲ್ಲಿ ಬೇರೆಯವರ ಮನೆಗೆ ಹೋಗಿ ಹಿಟ್ಟು ಬೀಸಿ, ನೀರು ಸೋಸಿ ಕೊಟ್ಟು, ಮಹಾರಾಜರು ಬರುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ತಮ್ಮ ಮನೆಗೆ ಬಂದುಬಿಡುತ್ತಿದ್ದರು.

ಒಂದು ವರ್ಷ ವೈನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗದಂತಾಯಿತು. ಮಿರಜಿನ ಡಾಕ್ಟರು ಹೃದಯದ ಆಪರೇಶನ್ ಆಗಬೇಕು, ದೀಪಾವಳಿಯ ಒಳಗೆ ಬನ್ನಿ ಎಂದರು. ಆ ವರ್ಷ ನಮ್ಮ ಊರಿನ ಬಸ್ತಿಯಲ್ಲಿ ಒಬ್ಬ ಮುನಿ ಮಹಾರಾಜರ ಚಾತುರ್ಮಾಸ ನಡೆದಿತ್ತು. ಒಂದು ಸಂಜೆ, ನಾನೂ ಅಲ್ಲಿಯೇ ಇದ್ದೆ, ವೈನಿ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು.

"ಮಿರಜಿಗೆ ಹೋಗೂಕಿಂತ ಮೊದಲ ಒಮ್ಮೆ ನಮ್ಮ ಬಾಗಲಾಗ ನಿಂದರೂನ್ರಿ. ನಾ ತಿರುಗಿ ಬರ್ತೀನೋ ಇಲ್ಲೋ."

ವಾದ ಆಗುತ್ತದೆ ಎಂದುಕೊಂಡು ನಾನು ಎದ್ದು ಹೋಗಲು ಚಪ್ಪಲಿ ಹುಡುಕಿದೆ.

"ಹೂಂ. ನಿಂದರ್ತೀನಿ," ಎಂದರು ಸರ್. "ಮಾತು ಶುದ್ಧ ಐತಿ, ಮೈ ಶುದ್ಧ ಐತಿ, ಎರಡ ಶುದ್ಧಿ ಹೇಳ್ತೀನಿ. ಮನಸ್ಸಿಂದು ನೀ ಹೇಳು."

"ನಾ ಜೋರಾಗಿ ಹೇಳ್ತೀನಿ ಬಿಡ್ರಿ. ಅದರಾಗ ನಿಮ್ಮದು ಮುಚ್ಚಿ ಹೊಕ್ಕೈತಿ," ಎಂದರು ವೈನಿ. ಅವರ ಮುಖದ ಮೇಲೆ ಅಷ್ಟು ಸಂತೋಷ ನಾನು ಮೊದಲು ಕಂಡಿರಲಿಲ್ಲ.

ಮರುದಿನದಿಂದ ಸರ್ ಬಿಳಿ ಧೋತರ ಉಟ್ಟು, ಬಿಳಿ ಶಲ್ಯ ಹೊದ್ದು, ತೆಂಗಿನಕಾಯಿ ಇಟ್ಟ ಕಲಶ ಹಿಡಿದು ಬಾಗಿಲಲ್ಲಿ ನಿಂತರು. ಪಕ್ಕದಲ್ಲಿ ವೈನಿ. ನಾಸ್ತಿಕ ಮಾಸ್ತರರು ನಿಂತಿದ್ದಾರೆ ಎಂದು ನೋಡಲು ಜನ ಸುತ್ತುಹಾಕಿ ನಮ್ಮ ಓಣಿಯಿಂದ ಹಾಯತೊಡಗಿದರು. ಸರ್ ಎಲ್ಲರಿಗೂ ತಲೆಯಾಡಿಸಿ ಕಲಶವನ್ನು ನೆಟ್ಟಗೆ ಹಿಡಿದು ನಿಂತರು. ಮಹಾರಾಜರು ಬರುತ್ತಿದ್ದರು, ಮುಂದೆ ಹೋಗುತ್ತಿದ್ದರು. ಸುದ್ದಿ ಮುಟ್ಟಿ ನಿಪ್ಪಾಣಿಯಿಂದ ಸಾಹುಕಾರರು ಹಣ್ಣಿನ ಚೀಲದೊಂದಿಗೆ ಬಂದಿಳಿದರು. ಸರ್ ಚೀಲವನ್ನು ಒಳಗೆ ಇಡಿಸಿದರು. ಸಾಹುಕಾರರು ಬಾಗಿಲ ಹಿಂದೆ ನಿಂತರು, ಅಗತ್ಯ ಬಿದ್ದರೆ ಇರಲಿ ಎಂದು.

ಆ ದಿನವೇ ಮಹಾರಾಜರು ನಿಂತರು. ನಾನು ಎದುರಿನ ಕಟ್ಟೆಯ ಮೇಲಿದ್ದೆ. ಇಬ್ಬರೂ ಮೂರು ಸುತ್ತು ಬಂದರು. ವೈನಿ ಎದೆಯಲ್ಲಿದ್ದಷ್ಟೂ ಉಸಿರು ಕೂಡಿಸಿ "ಮನಶುದ್ಧಿ" ಎಂದು ಕೂಗಿದರು. ಆ ಶಬ್ದಕ್ಕೆ ಸರ್ ತುಟಿ ಮುಚ್ಚಿಕೊಂಡಿದ್ದು, ಆಮೇಲೆ "ವಚನಶುದ್ಧಿ, ಕಾಯಶುದ್ಧಿ" ಎಂದು ದನಿ ಸೇರಿಸಿದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಹಾರಾಜರ ಕಾಲು ಹೊಸ್ತಿಲ ಕಡೆ ತಿರುಗಿಯೂ ಇತ್ತು. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಸಾಹುಕಾರರ ದನಿ ಬಂತು.

"ದಾಜಿ, ಮನಶುದ್ಧಿ ಉಳೀತು! ಮನಶುದ್ಧಿ ಅನ್ರಿ!"

ಮಹಾರಾಜರು ನಿಂತು ಸರ್ ಮುಖ ನೋಡಿದರು. ವೈನಿ ನೋಡಿದರು. ಓಣಿಯೇ ನೋಡಿತು. ಸರ್ ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆಯಲಿಲ್ಲ. ಸ್ವಲ್ಪ ಹೊತ್ತು ಕಾದು ಮಹಾರಾಜರು ತಿರುಗಿ ಹೋದರು. ಮುಂದಿನ ಮನೆಗಳವರು ಕರೆದರು, ಸಂಕಲ್ಪ ಕೂಡಲಿಲ್ಲವೋ ಏನೋ, ಅವರು ಎಲ್ಲಿಯೂ ನಿಲ್ಲದೆ ಬಸ್ತಿಗೆ ಮರಳಿದರು.

ವೈನಿ ಮಹಾರಾಜರಿಗೆಂದು ಮಾಡಿದ ಅಡುಗೆಯನ್ನು ಓಣಿಯ ಮನೆಗಳಿಗೆಲ್ಲ ಕಳಿಸಿದರು. ನಮ್ಮ ಮನೆಗೂ ಒಂದು ಡಬ್ಬಿ ಬಂತು. ಉಂಡೆ. ಬಹಳ ರುಚಿಯಾಗಿತ್ತು, ಅದನ್ನು ಹೇಳುವ ಧೈರ್ಯ ಆ ದಿನ ಆಗಲಿಲ್ಲ. ಸರ್ ಉಣ್ಣಲಿಲ್ಲ. "ಮಹಾರಾಜರು ಉಪಾಸ ಅದಾರ. ನನ್ನ ಸಲುವಾಗಿ. ನಾ ಹೆಂಗ ಉಣ್ಲಿ?" ಎಂದರು. ವೈನಿಯೂ ಉಣ್ಣಲಿಲ್ಲ. ಸಾಹುಕಾರರೂ ಉಪವಾಸ ಹಿಡಿದರು. ಮಧ್ಯಾಹ್ನ ನಿಪ್ಪಾಣಿ ಬಸ್ಸಿನ ವೇಳೆ ಕೇಳಿಕೊಂಡು ಬರುತ್ತೇನೆಂದು ಸ್ಟ್ಯಾಂಡಿಗೆ ಹೋಗಿ, ಬಹಳ ಸಮಾಧಾನದ ಮುಖ ಮಾಡಿಕೊಂಡು ಬಂದರು.

ಸಂಜೆ ಸರ್ ನಮ್ಮ ಕಟ್ಟೆಗೆ ಬಂದು ಕೂತರು. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಒಂದು ಶಬ್ದ ಸರ್. ಒಂದೇ ಶಬ್ದ. ವೈನಿ ಮುಖ ನೋಡಿಯಾದರೂ ಅನ್ನಬಾರದಿತ್ತೇ? ನೀವು ನಂಬುವುದಿಲ್ಲ ಅಂದ ಮೇಲೆ ಆ ಸುಳ್ಳಿನಿಂದ ನಿಮಗೆ ಆಗುವುದಾದರೂ ಏನು?" ಎಂದೆ.

"ನನಗ ಏನೂ ಆಗೂದಿಲ್ರಿ ಮಾಸ್ತರ್ರ. ಈಕಿ ನಂಬತಾಳಲ್ಲ. ಈಕಿ ಲೆಕ್ಕದಾಗ ಸುಳ್ಳ ಹೇಳಿ ಕೊಟ್ಟ ಅನ್ನ ಅಶುದ್ಧ. ಜೀವಮಾನದ ಆಸೆ ಈಕೀದು, ಅದರಾಗ ನಾ ಸುಳ್ಳ ಬೆರಸಿ ಕೊಡಲೇನು? ನಂಬದವರು ಬೆರಸಬಹುದು ಅಂತ ಸಾವಕಾರ್ರು ಅಂತಾರ. ನಂಬದವರೇ ಬೆರಸಬಾರದು ಅಂತ ನಾ ಅಂತೀನಿ. ನಮಗ ಏನೂ ಲುಕ್ಸಾನ ಇಲ್ಲಲ್ಲ, ಅದಕ್ಕ."

ಅವರೇ ಮತ್ತೆ ಮಾತಾಡಿದರು.

"ನಾ ನಂಬಾಕ ಭಾಳ ನೋಡೀನ್ರಿ. ಬರೂದಿಲ್ಲ. ಹಾಸಿಗಿ ಹಾಸೂದು ನನ್ನ ಕೈಯಾಗ ಐತಿ, ಹಾಸೇನಿ. ಧೋತರ ಉಟ್ಟೇನಿ, ಕಲಶ ಹಿಡದೇನಿ, ನಿಂತೇನಿ. ನಿದ್ದಿ ಬರಬೇಕಲ್ಲ. ಅದು ನನ್ನ ಕೈಯಾಗ ಇಲ್ಲ."

ಅಷ್ಟರಲ್ಲಿ ವೈನಿ ಎದುರು ಬಾಗಿಲಿಗೆ ಬಂದು ನಿಂತಿದ್ದರು. ಎಷ್ಟು ಕೇಳಿಸಿತೋ ತಿಳಿಯದು. ಓಣಿ ಅಗಲವಿಲ್ಲ, ಎಲ್ಲವೂ ಕೇಳಿಸಿರಬೇಕು.

"ನಾಳೆ ನಿಂದರೂನ್ರಿ," ಎಂದರು. "ನಿಮ್ಮ ಮನಸ್ಸಿನ್ಯಾಗ ಏನೈತಿ, ಅದನ್ನ ಹೇಳ್ರಿ. ಒಳಗ ಬರೂದು ಬಿಡೂದು ಮಹಾರಾಜರಿಗೆ ಬಿಟ್ಟಿದ್ದು."

ಮರುದಿನ ಮಹಾರಾಜರು ಮತ್ತೆ ಅದೇ ಬಾಗಿಲಲ್ಲಿ ನಿಂತರು. ಆ ದಿನದ ಸಂಕಲ್ಪ ಏನಿತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸಾಹುಕಾರರನ್ನು ವೈನಿ ಹಿತ್ತಲಿಗೆ ಕಳಿಸಿದ್ದರು. ಸುತ್ತು ಬಂದದ್ದಾಯಿತು. ವೈನಿ ತಮ್ಮ ಮೂರು ಶುದ್ಧಿಯನ್ನೂ ಹೇಳಿ ನಿಲ್ಲಿಸಿದರು. ಸರ್ ಕಲಶವನ್ನು ಎದೆಯ ಹತ್ತಿರ ತಂದರು, ಬೋರ್ಡಿನ ಮುಂದೆ ನಿಂತಾಗಿನ ದನಿಯಲ್ಲೇ ಹೇಳಿದರು.

"ಮನಸ್ಸಿನ್ಯಾಗ ಒಂದ ಐತ್ರಿ ಮಹಾರಾಜ್ರ. ಈಕಿ ಕೈಲೆ ನೀವು ಉಣಬೇಕು. ಬ್ಯಾರೆ ಏನೂ ಇಲ್ಲ. ಅದು ಶುದ್ಧ ಐತೋ ಇಲ್ಲೋ ನೀವ ನೋಡ್ರಿ. ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಐತಿ."

ಓಣಿಯ ಆ ತುದಿಯಲ್ಲಿ ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಮರಾಠಿಯಲ್ಲಿ ಕೂಗುತ್ತಿದ್ದಳು. ಮಹಾರಾಜರು ಸರ್ ಮುಖವನ್ನೂ ನೋಡಲಿಲ್ಲ, ವೈನಿಯ ಮುಖವನ್ನೂ ನೋಡಲಿಲ್ಲ. ಕಾಲೆತ್ತಿ ಹೊಸ್ತಿಲು ದಾಟಿ ಒಳಗೆ ಹೋದರು.

ಮುನಿಗಳು ನಿಂತೇ ಉಣ್ಣುತ್ತಾರೆ. ತಟ್ಟೆಯಿಲ್ಲ, ಎರಡೂ ಅಂಗೈ ಕೂಡಿಸಿ ಬೊಗಸೆ ಮಾಡುತ್ತಾರೆ, ಮನೆಯವರು ಅದರಲ್ಲಿ ತುತ್ತು ಇಡಬೇಕು, ನೀರು ಹಾಕಬೇಕು. ಕಿಟಕಿಯಿಂದ ನಾನು ನೋಡಿದೆ. ವೈನಿ ಇಡುತ್ತಿದ್ದರು. ಕೈ ನಡುಗಿ ನೀರು ಚೆಲ್ಲುವಂತಾದಾಗ ಸರ್ ಅವರ ಮೊಣಕೈಗೆ ತಮ್ಮ ಕೈ ಕೊಟ್ಟರು. ಊಟ ಮುಗಿಯುವವರೆಗೆ ಹಾಗೆಯೇ ಕೊಟ್ಟುಕೊಂಡು ನಿಂತಿದ್ದರು.

ಊಟವಾದ ಮೇಲೆ ಮೌನ ಬಿಟ್ಟು ಮಹಾರಾಜರು ಸರ್ ಕಡೆ ತಿರುಗಿದರು. ಆಹಾರ ಕೊಟ್ಟವರು ಏನಾದರೊಂದನ್ನು ಬಿಡುವ ನೇಮ ಹಿಡಿಯುವುದು ವಾಡಿಕೆ. ಯಾರೋ ಬಟಾಟಿ ಬಿಡುತ್ತಾರೆ, ಯಾರೋ ಬೆಲ್ಲ ಬಿಡುತ್ತಾರೆ.

"ನಂಬಿಕಿ ಬರೂದಿಲ್ಲ ಅಂತೀರಿ."

"ಇಲ್ರಿ ಮಹಾರಾಜ್ರ."

"ಇರ್ಲಿ. ಬಿಡೂದರ ಬರತೈತಿಲ್ಲೋ? ಏನರ ಒಂದು ಬಿಡ್ರಿ."

ಬಿಡಲು ಸರ್ ಹತ್ತಿರ ಏನೂ ಉಳಿದಿರಲಿಲ್ಲ. ಎಲ್ಲವನ್ನೂ ಅವರ ತಾಯಿಯೇ ಬಿಡಿಸಿಯಾಗಿತ್ತು. ಅವರು ಸುತ್ತ ನೋಡಿದರು. ಹಿತ್ತಲ ಬಾಗಿಲಲ್ಲಿ ಸಾಹುಕಾರರು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು.

"ಇವರ ಜೋಡಿ ವಾದ ಮಾಡೂದು ಬಿಡ್ತೀನ್ರಿ. ಜೀವ ಇರೂತನಕ."

ಸಾಹುಕಾರರಿಗೆ ಹಬ್ಬವಾಯಿತು. ಹಬ್ಬ ಒಂದೇ ದಿನದ್ದು. ಮುಂದಿನ ಸಲ ಬಂದು "ದಾಜಿ, ದೇವ್ರು ಅದಾನ್ರಿ," ಎಂದರು. ಸರ್ "ಹೂಂ" ಎಂದರು. "ಇಲ್ಲ ಅಂತ ಇಟಗೋರಿ." "ಹೂಂ." "ಹಂಗಲ್ರಿ, ಏನರ ಅನ್ರಿ!" "ನೇಮ ಐತಿ." ಸಾಹುಕಾರರು ಅರ್ಧ ಊಟಕ್ಕೆ ಎದ್ದರು. ಎದುರಾಳಿಯೇ ಇಲ್ಲದೆ ಗೆಲ್ಲುವುದು ಎಷ್ಟು ಬೇಸರದ ಕೆಲಸ ಎಂದು ಅವರಿಗೆ ವರ್ಷಗಟ್ಟಲೆ ಅನುಭವಕ್ಕೆ ಬಂತು. ಕೊನೆಗೆ ನನ್ನ ಕಟ್ಟೆಗೆ ಬಂದು, "ಮಾಸ್ತರ್ರ, ನೀವರ ಒಮ್ಮೆ ದೇವ್ರಿಲ್ಲ ಅನ್ರೆಲಾ," ಎಂದು ಬೇಡಿಕೊಂಡದ್ದೂ ಉಂಟು.

ಮಿರಜಿನಲ್ಲಿ ವೈನಿಯ ಆಪರೇಶನ್ ಚೆನ್ನಾಗಿ ಆಯಿತು. ಡಾಕ್ಟರು ಹೊರಗೆ ಬಂದು ಹೇಳಿದ ಕೂಡಲೇ ಸಾಹುಕಾರರು, "ಆಹಾರ ಕೊಟ್ಟಿದ್ದು ಫಲಾ ಕೊಟ್ತು ನೋಡ್ರಿ ದಾಜಿ! ಲಾಭ ಆತಿಲ್ಲೋ?" ಎಂದು ಕುಣಿದಾಡಿದರು. ಸರ್ "ಹೂಂ" ಎಂದರು. ಆಮೇಲೆ ನನ್ನ ರಟ್ಟೆ ಹಿಡಿದು ನೀರಿನ ನಳದ ಕಡೆಗೆ ಕರೆದುಕೊಂಡು ಹೋದರು.

"ಅಲ್ಲಿ ಹೇಳೂಹಂಗಿಲ್ಲ, ಅದಕ್ಕ ನಿಮ್ಮ ಮುಂದ ಹೇಳ್ತೀನಿ ಮಾಸ್ತರ್ರ. ಇದರಿಂದ ಏನೂ ಸಿದ್ಧ ಆಗೂದಿಲ್ಲ."

ಹೇಳುತ್ತಿದ್ದಾಗ ಅವರ ಕಣ್ಣಿನಿಂದ ನೀರು ಬಳಬಳನೆ ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

ಅದಾದ ಮೇಲೆ ಪ್ರತಿ ಚಾತುರ್ಮಾಸದಲ್ಲೂ ಇಬ್ಬರೂ ನಿಲ್ಲುತ್ತಿದ್ದರು. ಯಾವ ಮುನಿಗಳೂ ಮತ್ತೆ ಆ ಬಾಗಿಲಲ್ಲಿ ನಿಲ್ಲಲಿಲ್ಲ. ಸರ್ ನಿವೃತ್ತರಾದರು, ಸ್ಕೂಟರ್ ಮಾರಿದರು, ಹನುಮಪ್ಪನ ಗುಡಿಯ ಮುಂದೆ ನಡೆದು ಹೋಗುವಾಗಲೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು.

ಈ ಮಳೆಗಾಲದಲ್ಲಿ ಅವರ ಶ್ವಾಸಕೋಶ ಕೈಕೊಟ್ಟಿತು. ಇನ್ನು ಆಸ್ಪತ್ರೆ ಬೇಡ ಎಂದು ಮನೆಗೆ ಬಂದರು. ಕೊನೆಯ ದಿನ ಸಂಜೆ ಮಂಚದ ಸುತ್ತ ವೈನಿ, ಸಾಹುಕಾರರು, ನಾನು. ಸರ್‌ಗೆ ಎಚ್ಚರವಿತ್ತು. ಸಾಹುಕಾರರು ಮಂಚದ ಪಕ್ಕ ಮೊಣಕಾಲೂರಿ ಕೂತು ಅವರ ಕೈ ಹಿಡಿದುಕೊಂಡರು. ಆಗ ಅವರು ವ್ಯಾಪಾರಿಯಾಗಿರಲಿಲ್ಲ. ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ದಾಜಿ, ಒಮ್ಮೆ ಣಮೋಕಾರ ಮಂತ್ರ ಅನ್ರಿ. ಬಾಯಿಲೆ ಅನ್ರಿ ಸಾಕು, ಮನಸ್ಸಿಂದ ಬ್ಯಾಡ. ನಿಮಗ ಕೈ ಮುಗೀತೀನಿ. ಮುಂದ ಏನೂ ಇಲ್ಲಂದ್ರ ಲುಕ್ಸಾನ ಏನೈತಿ? ಇದ್ರ ನಿಮ್ಮನ್ನ ಎಲ್ಲಿ ಹುಡಕೂದ್ರಿ ನಾವು?"

ಸರ್ ಸಾಹುಕಾರರನ್ನು ನೋಡಿದರು. ಏನೋ ಹೇಳಲು ತುಟಿ ಅಲುಗಿತು. ಆಮೇಲೆ ವೈನಿಯ ಕಡೆ ಕಣ್ಣು ತಿರುಗಿಸಿದರು.

"ತಮ್ಮಾ, ಅವರಿಗೆ ನೇಮ ಐತಿ. ನಿನ್ನ ಜೋಡಿ ವಾದ ಮಾಡೂಹಂಗಿಲ್ಲ," ಎಂದರು ವೈನಿ. "ಅವರ ಪಾಳಿ ನಾ ಮಾಡ್ತೀನಿ, ಕೇಳು. ನನ್ನ ದಾನದಾಗ ಅವರು ಸುಳ್ಳ ಬೆರಸಲಿಲ್ಲ. ಅವರ ಸಾವಿನಾಗ ನಾ ಬೆರಸಲೇನು? ನಂಬಿದಾಕಿ ನಾ ಅದೀನಿ. ನಾ ಅಂತೀನಿ. ಅವರು ಸುಮ್ಮನ ಇರ್ಲಿ."

ವೈನಿ ಮಂತ್ರ ಹೇಳಿದರು. ಕಿವಿಯಲ್ಲಿ ಅಲ್ಲ, ಪಕ್ಕದಲ್ಲಿ ಕೂತು, ದಿನಾ ಸಂಜೆ ಹೇಳಿಕೊಳ್ಳುವಂತೆಯೇ. ಸರ್ ಕೇಳುತ್ತ ಮಲಗಿದ್ದರು. ಸ್ವಲ್ಪ ಹೊತ್ತಿಗೆ ತುಟಿ ಒಣಗಿತು. ಕಿಟಕಿಯಲ್ಲಿ ಬಿಸಿಲು ಕೆಂಪಾಗಿತ್ತು. ಹೊತ್ತು ಮುಳುಗಿದರೆ ಅವರು ನೀರು ಮುಟ್ಟುವುದಿಲ್ಲ ಎಂದು ವೈನಿ ಅವಸರದಿಂದ ಸೋಸಿದ ನೀರು, ಚಮಚ ತಂದರು. ಚಮಚ ಎತ್ತಿದಾಗ ರೂಢಿಯಿಂದಲೋ ಏನೋ ಅವರ ಬಾಯಿಂದ ಮೆಲ್ಲಗೆ ಬಂತು: "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ."

ಸರ್ ಹೊದಿಕೆಯೊಳಗಿಂದ ಕೈ ತೆಗೆದರು. ಬಹಳ ಕಷ್ಟಪಟ್ಟು ಎರಡೂ ಅಂಗೈ ಕೂಡಿಸಿ ಬೊಗಸೆ ಮಾಡಿದರು. ವೈನಿ ಚಮಚವನ್ನು ಕೆಳಗಿಟ್ಟರು. ಆಮೇಲೆ ಬೊಗಸೆಗೆ ನೀರು ಹಾಕಿ, ಮೊಣಕೈಗೆ ತಮ್ಮ ಕೈ ಕೊಟ್ಟು ಬಾಯಿಯವರೆಗೆ ಎತ್ತಿದರು. ಸರ್ ಕುಡಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಅದಾಗಿ ದೀಪ ಹಚ್ಚುವಷ್ಟರಲ್ಲಿ ಹೋಗಿದ್ದರು.

ದಾಜಿ ಕೊನೆಯ ಗಳಿಗೆಯಲ್ಲಿ ಮುನಿಯಾದರು, ಬೊಗಸೆಯಲ್ಲಿ ಆಹಾರ ತೆಗೆದುಕೊಂಡರು ಎಂದು ಸಾಹುಕಾರರು ನಿಪ್ಪಾಣಿಯ ತುಂಬ ಹೇಳುತ್ತಿದ್ದಾರೆ. ಅಂಗಡಿಯ ಗೋಡೆಗೆ ಸರ್ ಫೋಟೊ ಹಾಕಿದ್ದಾರೆ, ಮ್ಹಸೋಬಾನ ಪಕ್ಕಕ್ಕೆ. ನನಗೆ ಮಾತ್ರ ಅನಿಸುವುದು, ಸರ್ ಹೆಂಡತಿಯನ್ನು ಒಮ್ಮೆ ನಗಿಸಲು ನೋಡಿದರು ಎಂದು. ಒಮ್ಮೊಮ್ಮೆ ಅದೂ ಅಲ್ಲ ಎನಿಸುತ್ತದೆ.

ಮೊನ್ನೆ ಸಾಹುಕಾರರು ಬಂದಾಗ ನಾನೂ ಹೋಗಿದ್ದೆ. ವೈನಿ ಹಿತ್ತಲಲ್ಲಿ ನಳಕ್ಕೆ ಹೊಸ ಬಟ್ಟೆ ಕಟ್ಟುತ್ತಿದ್ದರು. ಸಾಹುಕಾರರು ಬಾಗಿಲಲ್ಲಿ ನಿಂತು, "ಅಕ್ಕಾ, ಖರೆ ಹೇಳು. ಕಡೀಕ ದಾಜಿ ನಂಬಿದ್ರಲ್ಲ?" ಎಂದು ಕೇಳಿದರು.

ವೈನಿ ಗಂಟು ಬಿಗಿದು, ನಳ ತಿರುಗಿಸಿ, ನೀರು ಸರಿಯಾಗಿ ಸೋಸುತ್ತದೆಯೋ ಇಲ್ಲವೋ ನೋಡಿದರು.

"ಅದರಿಂದ ಏನೂ ಸಿದ್ಧ ಆಗೂದಿಲ್ಲ ತಮ್ಮಾ," ಎಂದರು. ಅಂದವರೇ ನಳ ಬಿಟ್ಟಲ್ಲಿಯೇ ಬಿಟ್ಟು, ಅಲ್ಲಿಯೇ ಕಟ್ಟೆಯ ಮೇಲೆ ಕೂತು, ಸರ್ ಹೋದ ಮೇಲೆ ಮೊದಲ ಸಲ ಅತ್ತರು.